ಜಾರುವ ಮೊಣಕೈ

ಅಕ್ಕನ ಮೂರು ವರ್ಷದ ಮಗಳ ಮೊಣಕೈ ಸಂದು ಬಹಳ ಸಡಿಲ. ಸ್ವಲ್ಪ ಎಳೆದರೂ ಜಾರುತ್ತಿತ್ತು. ಅವಳನ್ನು ಎತ್ತುವಾಗ ಕಂಕುಳಿಗೇ ಕೈ ಹಾಕಬೇಕೆಂಬುದು ಮನೆಯ ಕಟ್ಟಳೆ. ಐವತ್ತರ ದಶಕದ ಒಂದು ಮಳೆಗಾಲ, ನರಿಕೊಂಬಿನ ಕಡವಿನಲ್ಲಿ ದೋಣಿ ಹತ್ತುವಾಗ ಮಗು ಹಲಗೆಯಿಂದ ಜಾರಿ ಎದೆಯವರೆಗೆ ಹೊಳೆಯ ಕೆಂಪು ನೆರೆನೀರಿಗಿಳಿಯಿತು. ನನಗೆ ಸಿಕ್ಕಿದ್ದು ಮುಂಗೈ ಮಾತ್ರ.

"ಕೈ ಎಳೀಬೇಡ ಮಾರಾಯ!" ಅಕ್ಕ ಅಭ್ಯಾಸಬಲದಿಂದ ಕೂಗಿದಳು.

"ಕೈ ಮತ್ತೆ ನೋಡುವ, ಎಳೀರಿ!" ದೋಣಿಯವ ಅರಚಿದ.

ಎಳೆದೆ. ಸಂದು ಕಳಚಿದ್ದು ನನ್ನ ಬೆರಳುಗಳಿಗೆ ತಿಳಿಯಿತು, ಇಂದಿಗೂ ತಿಳಿಯುತ್ತದೆ. ದೋಣಿಯೊಳಗೆ ಬಂದ ಮಗು ಚೀರಿತು. ಅಕ್ಕ ಎಂದಿನಂತೆ ಅದರ ಅಂಗೈಯನ್ನು ಮೇಲಕ್ಕೆ ತಿರುಗಿಸಿ ಮೊಣಕೈ ಮಡಚಿದಳು. ಸಂದು ಕೂತಿತು, ಅಳು ನಿಲ್ಲಲಿಲ್ಲ. ನಾನು ಸಮಾಧಾನಪಡಿಸಲು ಹೋದಾಗ ಅಕ್ಕ ತಡೆದಳು.

"ಅಳಲಿ ಬಿಡು. ಆ ಸ್ವರ ಸ್ವಲ್ಪ ಹೊತ್ತು ಕೇಳ್ತೇನೆ."