ಅಕ್ಕನಿಗೆ ಮಾತ್ರ ಸಿಕ್ಕ ಮಗ್ಗ

ಕೊಯಮತ್ತೂರಿನ ಮ್ಯೂಸಿಯಮ್ಮಿನಲ್ಲಿ ಇವತ್ತು ಹಗ್ಗದಾಚೆ ಒಂದು ಗುಂಡಿಮಗ್ಗ ಕಂಡೆ.

ಸಿಂಗಾನಲ್ಲೂರಿನ ನಮ್ಮ ಮನೆಯಲ್ಲಿ ಅಜ್ಜಿ ಅಂಥದ್ದರಲ್ಲೇ ನೇಯುತ್ತಿದ್ದಳು. ಬೇಸಗೆಯಲ್ಲೂ ಆ ಗುಂಡಿ ತಂಪು. ಅಜ್ಜಿ ಎದ್ದರೆ ಅಲ್ಲಿ ಕಾಲು ಇಳಿಬಿಟ್ಟು ಕೂರುವ ಹಕ್ಕು ಅಕ್ಕನಿಗೆ ಮಾತ್ರ. ನಾನು ಲಾಳಿ ಮುಟ್ಟಿದರೆ ಅಜ್ಜಿ, “ನಿನ್ ಕೈ ಬೆವುರ್ತದೆ ತಾಯಿ, ನೂಲು ಕರೆಯಾಗ್ತದೆ. ನೀ ಹೋಗಿ ರಾಟೆ ಸುತ್ತು” ಎನ್ನುತ್ತಿದ್ದಳು. ರಾಟೆ ಸುತ್ತುತ್ತಲೇ ಅಕ್ಕನನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಇವತ್ತು ಜೊತೆಗೆ ಬಂದಿದ್ದ ಅಕ್ಕ ಹಗ್ಗದ ಮೇಲಿಂದ ಲಾಳಿಗೆ ಕೈ ಚಾಚಿದಳು. “ತೊಡಾದೀಂಗಮ್ಮಾ” ಎಂದು ಕಾವಲಿನವನು ಮುಟ್ಟದಂತೆ ತಡೆದ. ಒಳಗೊಳಗೇ ಹಿಗ್ಗಿದೆ. ಕೊನೆಗೂ ಇಬ್ಬರೂ ಸಮ.

ಆದರೆ ಸುಮ್ಮನೆ ನಿಂತಿದ್ದ ಅಕ್ಕನ ಪಾದಗಳು ಮಗ್ಗ ತುಳಿಯುವಂತೆ ಒಂದಾದ ಮೇಲೊಂದು ನೆಲ ಒತ್ತುತ್ತಿದ್ದವು. ಇಷ್ಟು ವರ್ಷದ ಮೇಲೂ ನನ್ನ ಅಂಗೈ ಬೆವರಿತು.