ತುದಿ ಎಳೆದರೆ ಬಿಚ್ಚುವ ಗಂಟು

ಮಕ್ತಲ್ ಸಂತೆಯಲ್ಲಿ ಹಗ್ಗ ಮಾರುತ್ತಿದ್ದ ಮುದುಕ, ಯಾರೇ ಬಂದರೂ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಯಾರ ಕೊಳ್ಳಿಗಿ ಹಾಕಾಕ್ರಿ?" ಎತ್ತಿನ ಕೊರಳಿಗೋ ಮೇಕೆಯ ಕೊರಳಿಗೋ ಎಂದು ತಿಳಿದ ಮೇಲೆಯೇ ಹಗ್ಗ ಆರಿಸುತ್ತಿದ್ದ. ಆಮೇಲೆ ಅದನ್ನು ತನ್ನ ಮೊಣಕಾಲಿಗೆ ಸುತ್ತಿ, ತುದಿ ಎಳೆದರೆ ಸಾಕು ಬಿಚ್ಚಿಕೊಳ್ಳುವ ಗಂಟು ಹಾಕಿ ತೋರಿಸುತ್ತಿದ್ದ. "ದನ ಎಡವಿ ಬಿದ್ರ ಕೊಳ್ಳು ಬಿಗೀತೈತಿ. ಕಟ್ಟಾಕ ಎಲ್ಲಾರಿಗೂ ಬರ್ತೈತಿ, ಬಿಚ್ಚಾಕ ಬರಬೇಕ್ರಿ." ಗಿರಾಕಿಯೂ ಆ ಗಂಟು ಹಾಕಿ ತೋರಿಸದ ಹೊರತು ಹಗ್ಗ ಕೊಡುತ್ತಿರಲಿಲ್ಲ. ನಾವೆಲ್ಲ ಗಂಟು ಹಾಕಲು ಕಲಿತದ್ದು ಹಾಗೆ, ಅವನ ಹತ್ತಿರವೇ.

ಪಕ್ಕದೂರಿನ ಹುಡುಗಿಯನ್ನು ಕೊಂದವನಿಗೆ ಗಲ್ಲು ಆಗಲೇಬೇಕೆಂದು ನಾವು ಹತ್ತು ಜನ ಹುಲ್ಲಿನ ಗೊಂಬೆ ಮಾಡಿ, ಅದನ್ನು ನೇತುಹಾಕಲು ಹಗ್ಗ ಕೇಳಿದೆವು. ಮುದುಕ ಎಂದಿನಂತೆಯೇ ಕೇಳಿದ.

"ಆ ಕೊಲೆಗಾರನ ಕೊಳ್ಳಿಗಿ," ಎಂದೆ.

"ಅವನೇ ಕೊಂದಾನ ಅಂಬೋದು ಖರೇ ಏನ್ರಿ?"

"ಖರೇನ ಐತಿ. ಅವನ ಬಾಯಿಲೇ ಒಪ್ಪ್ಯಾನ."

ಮುದುಕ ವಾದಿಸಲಿಲ್ಲ. ಗೊಂಬೆಯ ಕೊರಳನ್ನೊಮ್ಮೆ ಮುಟ್ಟಿ ನೋಡಿ, ಹಗ್ಗ ಕೊಟ್ಟ. ಅಂದು ಗಂಟು ಹಾಕಿ ತೋರಿಸಿ ಎನ್ನಲಿಲ್ಲ.

ಚೌಕಿನಲ್ಲಿ ನಾನೇ ಗೊಂಬೆಯ ಕೊರಳಿಗೆ ಕಟ್ಟಿದೆ. ತುದಿ ಹಿಡಿದು ಮೇಲಕ್ಕೆ ಎಳೆದ ಕೂಡಲೇ ಗಂಟು ಬಿಚ್ಚಿ ಗೊಂಬೆ ಕೆಳಗೆ ಬಿತ್ತು. ಇನ್ನೊಬ್ಬ ಕಟ್ಟಿದ, ಮತ್ತೆ ಬಿತ್ತು. ನಮ್ಮ ಸಿಟ್ಟೇನೂ ಸುಳ್ಳಾಗಿರಲಿಲ್ಲ. ಆದರೆ ಬಿಚ್ಚದ ಗಂಟು ಹಾಕಲು ನಮ್ಮ ಹತ್ತು ಜನರಲ್ಲಿ ಒಬ್ಬನಿಗೂ ಬರಲಿಲ್ಲ.