ಬ್ರಿಕ್ ಗೇಮು ಮೊಬೈಲಿಗೆ ಏನಾಗಬೇಕು?

ಬೆಳಿಗ್ಗೆಯಿಂದ ನನ್ನ ಎರಡು ಹೆಬ್ಬೆರಳೂ ನೋವಿನ ಮುಲಾಮಿನ ವಾಸನೆ ಹೊಡೆಯುತ್ತಿವೆ. ಕಾಫಿ ಲೋಟ ಬಾಯಿಗೆ ತಂದರೆ ಕಾಫಿಗಿಂತ ಮೊದಲು ಮುಲಾಮೇ ಮೂಗಿಗೆ ಬರುತ್ತದೆ. "ಯಾವ ಕುಸ್ತಿ ಗೆದ್ದು ಬಂದ್ರಿ ಅತ್ತೆ?" ಎಂದು ಸೊಸೆ ಸಂಧ್ಯಾ ರೇಗಿಸಿದಳು. ಅರವತ್ತು ದಾಟಿದ ಹೆಂಗಸು ಮಕ್ಕಳ ಆಟದ ಸಾಮಾನು ಒತ್ತಿ ಒತ್ತಿ ಬೆರಳು ನೋಯಿಸಿಕೊಂಡಿದ್ದಾಳೆ ಎಂದರೆ ನೀವೂ ನಗುತ್ತೀರಿ. ನಗಿ. ಇವತ್ತು ನನ್ನನ್ನು ನೋಡಿ ಯಾರು ನಕ್ಕರೂ ನನಗೆ ಸಂತೋಷವೇ.

ನಾನು ಓದಿದ್ದು ಹಲಸೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಕಲಿತದ್ದೆಲ್ಲ ಅಂಗಡಿ ಬೋರ್ಡು ಓದಿ, ಪೊಟ್ಟಣ ಕಟ್ಟಿದ ಪೇಪರ್ ಓದಿ. ಹಾಗಾಗಿ ಎಲ್ಲಿಂದಲೋ ಶುರು ಮಾಡಿ ಎಲ್ಲಿಗೋ ಹೋದರೆ ಜೊತೆಗೆ ಬನ್ನಿ, ನಮ್ಮ ಜೋಗುಪಾಳ್ಯದ ಸಂದಿಗಳಲ್ಲಿ ನಡೆದು ಅಭ್ಯಾಸವಿದ್ದವರು ಯಾರೂ ದಾರಿ ತಪ್ಪುವುದಿಲ್ಲ.

ನನ್ನ ಮಗ ಗಿರೀಶ ತಡವಾಗಿ ಮದುವೆಯಾದ. ಸಂಧ್ಯಾಗೆ ಅದು ಎರಡನೇ ಮದುವೆ. ನಮ್ಮ ಮನೆಗೆ ಬರುವಾಗ ಮಗಳು ಮೇಘನಾಳ ಕೈ ಹಿಡಿದುಕೊಂಡು ಬಂದಳು. ಹುಡುಗಿಗೆ ಆಗಲೇ ತನ್ನ ಜಡೆ ತಾನೇ ಹಾಕಿಕೊಳ್ಳುವ ವಯಸ್ಸು. ನಮ್ಮ ಬೀದಿಯವರು ಬಿಡುತ್ತಾರೆಯೇ? ಹೂವಿನವಳು, ಇಸ್ತ್ರಿಯವನು, ಎದುರು ಮನೆಯವರು, ಎಲ್ಲರದೂ ಒಂದೇ ಪ್ರಶ್ನೆ: ಈ ಮಗು ನಿಮಗೆ ಏನಾಗಬೇಕು? ಮೊಮ್ಮಗಳು ಎಂದು ನಾನು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೆ. ಅವಳು ಮಾತ್ರ ಚಪ್ಪಲಿ ನೋಡಿಕೊಂಡು ನಿಲ್ಲುತ್ತಿದ್ದಳು.

ಅವಳಿಗೆ ನಾನು ಆಂಟಿ. ಸ್ಕೂಲ್ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸುವವರೂ ಆಂಟಿ, ನಾನೂ ಆಂಟಿ. ರಿಚರ್ಡ್ಸ್ ಟೌನಿನಲ್ಲಿ ಸಂಧ್ಯಾಳ ತಾಯಿ ಇದ್ದಾರೆ, ರಿಟೈರ್ಡ್ ಟೀಚರು, ಅವರು ಪಾಟಿ, ತಮಿಳಿನ ಅಜ್ಜಿ. ಅದು ಸರಿಯೇ. ಆದರೆ ಅಜ್ಜಿ ಅನ್ನುವ ಮಾತು ಆ ಹುಡುಗಿಯ ಬಾಯಲ್ಲಿ ಖಾಲಿ ಬಿದ್ದಿದೆಯಲ್ಲ, ಅದರಲ್ಲಿ ನನ್ನನ್ನು ಕೂರಿಸಬಾರದೇ ಎಂದು ನನಗೆ ಒಳಗೊಳಗೇ ಆಸೆ. ಗಿರೀಶ ಒಮ್ಮೆ "ಅಜ್ಜಿ ಅನ್ನಮ್ಮ" ಎಂದು ಅವಳಿಗೆ ಹೇಳಹೊರಟಾಗ ನಾನೇ ಅವನ ತೋಳು ಚಿವುಟಿದೆ. ಹೇಳಿಕೊಟ್ಟು ಅನ್ನಿಸುವ ಮಾತಲ್ಲ ಅದು.

ಅವಳಲ್ಲಿ ತಪ್ಪು ಹುಡುಕಲು ಹೋದರೆ ಒಂದೂ ಸಿಗುತ್ತಿರಲಿಲ್ಲ. ಬಡಿಸಿದ್ದು ತಿನ್ನುತ್ತಿದ್ದಳು, ತಟ್ಟೆ ತೊಳೆದಿಡುತ್ತಿದ್ದಳು, ಒಂದು ಲೋಟ ನೀರು ಕೊಟ್ಟರೂ ಥ್ಯಾಂಕ್ಯೂ. ಅವಳು ಅಷ್ಟು ಒಳ್ಳೆಯ ಹುಡುಗಿಯಾಗಿರುವುದೇ ನನಗೆ ಸರಿಕಾಣುತ್ತಿರಲಿಲ್ಲ. ಸ್ವಂತ ಮನೆಯಲ್ಲಿ ಯಾವ ಮಗು ಹಾಗಿರುತ್ತದೆ, ನೀವೇ ಹೇಳಿ.

ಹೀಗಿರುವಾಗ ಒಂದು ಸಂಜೆ ನಾನು ಕೆ.ಆರ್. ಪುರದ ತಂಗಿಗೆ ಮೊಬೈಲಿನಲ್ಲಿ ಏನೋ ಬರೆಯುತ್ತಿದ್ದೆ. ಮೇಘನಾ ಹೋಮ್‌ವರ್ಕ್ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು.

"ಆಂಟಿ, ನೀವು ಎರಡು ಹೆಬ್ಬೆರಳಲ್ಲಿ ಟೈಪ್ ಮಾಡ್ತೀರಾ?"

"ಮತ್ತೆ ಕಾಲಲ್ಲಿ ಮಾಡ್ತಾರಾ?"

"ಅಲ್ಲ, ಪಾಟಿ ಒಂದೇ ಬೆರಳಲ್ಲಿ ಮಾಡ್ತಾರೆ" ಎಂದು ಬಿಸಿ ಕಾವಲಿ ಮುಟ್ಟಿ ಬೆರಳು ಎಳೆದುಕೊಳ್ಳುವವರ ಹಾಗೆ ಮಾಡಿ ತೋರಿಸಿದಳು. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಈ ಮನೆಯಲ್ಲಿ ನಾವಿಬ್ಬರೇ ಸೇರಿ ನಕ್ಕದ್ದು ಅದೇ ಮೊದಲು.

ಅವಳು ಕೇಳಿದ್ದಕ್ಕೆ ಕಾರಣವಿತ್ತು. ಸ್ಕೂಲಿನಲ್ಲಿ ಚರ್ಚೆಗೆ ಒಂದು ವಿಷಯ ಕೊಟ್ಟಿದ್ದರು: ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮುಗಳಿಂದ ಈಗಿನ ಸ್ಮಾರ್ಟ್‌ಫೋನು ಏನಾದರೂ ಪಡೆಯಿತೇ, ಇಲ್ಲವೇ? ಇವಳು ಹೌದು ಅನ್ನುವ ಕಡೆ. ನಿಮಗೆ ಎರಡು ಬೆರಳು ಯಾರು ಕಲಿಸಿದ್ರು ಎಂದು ಕೇಳಿದಳು. ಬ್ರಿಕ್ ಗೇಮು ಎಂದೆ.

ಗಿರೀಶ ಹುಡುಗನಾಗಿದ್ದಾಗ ನಮ್ಮ ಯಜಮಾನರು ಶಿವಾಜಿನಗರದಿಂದ ತಂದ ಸಾಮಾನು ಅದು. ಅಂಗೈಯಗಲದ ಡಬ್ಬಿ, ಬೂದು ಪರದೆ, ಮೇಲಿನಿಂದ ಇಟ್ಟಿಗೆ ಬೀಳುತ್ತಿರುತ್ತವೆ. ಬೀಳುವುದರೊಳಗೆ ತಿರುಗಿಸಿ ಜೋಡಿಸಬೇಕು. ಒಂದು ಸಾಲು ತುಂಬಿದರೆ ಆ ಸಾಲೇ ಮಾಯ. ಯಜಮಾನರದು ಗಾರೆ ಕೆಲಸ. ಅವರಿಗೆ ಈ ಆಟ ಕಂಡರೆ ಆಗುತ್ತಿರಲಿಲ್ಲ. ನಾವು ಕಟ್ಟಿದ್ದು ನಿಲ್ಲಬೇಕು, ಇದರಲ್ಲಿ ನಿಂತರೆ ಸೋತ ಹಾಗಂತೆ, ಇದೆಂಥ ಕೆಲಸ ಎಂದು ಬೈಯುತ್ತಿದ್ದರು. ಮಗ ಶಾಲೆಗೆ ಹೋದ ಮೇಲೆ ನಾನು ಹಿಡಿದರೆ ಅನ್ನ ತಳ ಹತ್ತುವವರೆಗೂ ಬಿಡುತ್ತಿರಲಿಲ್ಲ.

ಆಯುಧಪೂಜೆ ಬಂತು. ಯಜಮಾನರ ಕರಣೆ, ತೂಗುಗುಂಡು, ನನ್ನ ಈಳಿಗೆಮಣೆ, ಸೈಕಲ್, ಎಲ್ಲಕ್ಕೂ ಗಂಧ ಕುಂಕುಮ ಇಟ್ಟೆ. ಮಗನ ಗೇಮು ಏನು ಪಾಪ ಮಾಡಿತ್ತು? ಅದಕ್ಕೂ ಬಳಿದೆ. ಗಂಧ ಗುಂಡಿಗಳ ಸಂದಿಗೆ ಇಳಿದು ಒಣಗಿತು. ಮಾರನೇ ದಿನದಿಂದ ಇಟ್ಟಿಗೆ ಬಲಕ್ಕೆ ಹೋಗುತ್ತವೆ, ಎಡಕ್ಕೆ ಬರುವುದಿಲ್ಲ. ಗಿರೀಶ ಅತ್ತು ಮನೆ ಒಂದು ಮಾಡಿದ. ಶಿವಾಜಿನಗರದಲ್ಲಿ ಗಡಿಯಾರ, ರೇಡಿಯೋ ರಿಪೇರಿ ಮಾಡುವ ಒಬ್ಬರು ಸಾಬರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಬಿಚ್ಚಿ ನೋಡಿ, ಮುಖ ಎತ್ತದೆಯೇ, "ಅಮ್ಮಾ, ದೇವ್ರು ಒಳ್ಗೇ ಮನೆ ಮಾಡ್ಕೊಂಡ್ಬಿಟ್ಟವ್ರೆ. ನಾನು ಹೆಂಗೆ ಖಾಲಿ ಮಾಡ್ಸ್ಲಿ?" ಎಂದರು. ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿಕೊಟ್ಟರು. ದೇವರು ಹೋದರೂ ಎಡದ ಗುಂಡಿ ಗಟ್ಟಿಯಾಗಿಯೇ ಉಳಿಯಿತು, ಜೀವ ಬಿಟ್ಟು ಒತ್ತಬೇಕು.

ಇದನ್ನೆಲ್ಲ ಕೇಳಿ ಮೇಘನಾ ಗೇಮು ತೋರಿಸಿ ಎಂದಳು. ಗಿರೀಶ ಅಟ್ಟ ಹತ್ತಿ ಹುಡುಕಿ ತಂದ, ಹೊಸ ಸೆಲ್ಲು ಹಾಕಿದ. ಇಷ್ಟು ವರ್ಷದ ಮೇಲೂ ಕೀಂ ಅಂದಿತು.

ಆಮೇಲೆ ದಿನಾ ಸಂಜೆ ಅವಳು ಇಂಟರ್‌ನೆಟ್ಟಿನಲ್ಲಿ ಓದಿದ್ದನ್ನು ನನಗೆ ಒಪ್ಪಿಸುವುದು, ನಾನು ಎದುರು ಪಕ್ಷದವಳಾಗಿ ತಕರಾರು ತೆಗೆಯುವುದು. ಪರದೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದನ್ನು ಮಕ್ಕಳಿಗೆ ಮೊದಲು ಕಲಿಸಿದ್ದು ಗೇಮುಗಳಂತೆ. ಒಂದೇ ಡಬ್ಬಿಗೆ ಬೇರೆ ಬೇರೆ ಆಟದ ಬಿಲ್ಲೆ ಸಿಕ್ಕಿಸುತ್ತಿದ್ದರಂತೆ, ಈಗ ಫೋನಿಗೆ ಆಪ್ ಹಾಕಿಕೊಳ್ಳುವ ಹಾಗೆ. ಕಡ್ಡಿಯಿಂದ ಪರದೆ ಮುಟ್ಟಿ ಆಡುವ ಗೇಮೂ ಇತ್ತಂತೆ. ಆದರೆ ಆಫೀಸಿನವರ ಜೇಬು ಕಂಪ್ಯೂಟರಿನಲ್ಲಿ ಅದು ಇನ್ನೂ ಮೊದಲೇ ಇತ್ತಂತೆ, ಅಲ್ಲಿಗೆ ಅವಳ ಮುಖ ಸಣ್ಣಗಾಯಿತು. "ಕ್ಲಾಸಲ್ಲಿ ಒಬ್ಬ ಹೇಳ್ತಾನೆ, ಫೋನಿಗೆ ಅಪ್ಪ ಕಂಪ್ಯೂಟರ್, ಅಮ್ಮ ಟೆಲಿಫೋನ್, ಗೇಮ್ ಏನೂ ಆಗ್ಬೇಕಾಗಿಲ್ಲ ಅಂತ. ಅದಕ್ಕೆ ಏನ್ ಹೇಳ್ಲಿ?"

ನನಗೇನು ಗೊತ್ತು? ನನಗೆ ಗೊತ್ತಿದ್ದದ್ದು ಮನೆಯ ಮಾತು. ಅದನ್ನೇ ಹೇಳಿದೆ. ಗಿರೀಶ ಹುಟ್ಟಿದ ಮೇಲೆ ನನಗೆ ಬಹಳ ದಿನ ಕಾಯಿಲೆ. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು ನನ್ನ ನಾದಿನಿ, ಅವನ ಸೋದರತ್ತೆ. ಅವಳಿಗೆ ಸಿಟ್ಟು ಬಂದರೆ ಸೆರಗನ್ನು ಭುಜದ ಮೇಲೆ ಒಮ್ಮೆ ಝಾಡಿಸುತ್ತಿದ್ದಳು. ಗಿರೀಶನಿಗೆ ಸೆರಗೆಲ್ಲಿದೆ? ಆದರೂ ಸಿಟ್ಟು ಬಂದಾಗ ಭುಜ ಝಾಡಿಸುತ್ತಾನೆ, ನೋಡು ಬೇಕಾದರೆ. ಹೆತ್ತವಳು ನಾನು, ಭುಜ ಅವಳದು. ನಿನ್ನ ಗೇಮು ಫೋನಿಗೆ ಹಾಗೆ ಸೋದರತ್ತೆ ಆಗಿರಬಹುದು ಎಂದೆ. ಫೋನು ಬರುವ ಮೊದಲೇ ನನ್ನ ಬೆರಳನ್ನು ತಯಾರು ಮಾಡಿಟ್ಟಿದ್ದು ಅದೇ ತಾನೇ?

ಅವಳು ಮೊದಲು ನಕ್ಕಳು. ಅಪ್ಪ ಅನ್ನದೆ ತಾಯಿಯ ಹಾಗೆಯೇ ಗಿರಿ ಅನ್ನುವ ಹುಡುಗಿ, "ಹೌದು, ಗಿರಿ ಹಂಗೇ ಮಾಡ್ತಾರೆ" ಎಂದಳು. ಆಮೇಲೆ ಪೆನ್ಸಿಲ್ ಕಚ್ಚಿಕೊಂಡೇ, "ಹಾಗಾದ್ರೆ ಹೊಟ್ಟೇಲಿ ಹುಟ್ಟದೇ ಇದ್ರೂ ಹೋಲಿಕೆ ಬರುತ್ತಾ?" ಎಂದು ಕೇಳಿದಳು.

ಬರುತ್ತೆ ಎಂದೆ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಎದ್ದು ಅಡುಗೆಮನೆಗೆ ಹೋದೆ.

ಚರ್ಚೆ ಮುಗಿದು ಅವಳು ಮೊನ್ನೆ ಮನೆಗೆ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಎರಡೂ ಕಡೆ ಅರ್ಧ ಅರ್ಧ ಸರಿ ಎಂದರಂತೆ ಟೀಚರು. ಸೋದರತ್ತೆ ಮಾತಿಗೆ ಕ್ಲಾಸೆಲ್ಲ ನಕ್ಕಿತಂತೆ, ಎದುರು ಪಕ್ಷದ ಆ ಹುಡುಗನೂ ನಕ್ಕನಂತೆ. ಇಷ್ಟು ಹೇಳಿ, ಥ್ಯಾಂಕ್ಯೂ ಆಂಟಿ ಎಂದು ಬ್ಯಾಗು ಇಡಲು ಒಳಗೆ ಹೋದಳು. ನಿಮಗೆ ಸುಳ್ಳು ಹೇಳುವುದಿಲ್ಲ, ಅವತ್ತು ನನಗೆ ಊಟ ಸೇರಲಿಲ್ಲ.

ನಿನ್ನೆ ಸಂಜೆ ಹೋಮ್‌ವರ್ಕ್ ಮುಗಿಸಿ ಅವಳು ಗೇಮು ಕೇಳಿದಳು. ನಾನು ಆಡುತ್ತಿದ್ದೆ, ಒಳ್ಳೇ ಆಟ ಬಿದ್ದಿತ್ತು. ಇದೊಂದು ಮುಗಿಸ್ತೀನಿ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಇರಮ್ಮ ಎಂದೆ. ಪಕ್ಕಕ್ಕೆ ಬಂದು ಕೂತಳು, ಇಣುಕಿದಳು, ಎಡಕ್ಕೆ, ಎಡಕ್ಕೆ ಎಂದಳು, ನನ್ನ ಮೊಣಕೈ ತಳ್ಳಿದಳು. ನಾನು ಬಿಡಲಿಲ್ಲ. ಆಗ ಅವಳು ಎದ್ದು ನಿಂತು ಅಡುಗೆಮನೆ ಕಡೆ ತಿರುಗಿ ದೂರು ಕೊಟ್ಟಳು.

"ಅಮ್ಮಾ, ಅಜ್ಜಿ ನೋಡಮ್ಮ, ಆವಾಗ್ಲಿಂದ ಕೊಡ್ತಾನೇ ಇಲ್ಲ. ಬರೀ ಹಠ."

ಒಳಗೆ ಸಂಧ್ಯಾಳ ಸೌಟಿನ ಸದ್ದು ನಿಂತಿತು. ಇಲ್ಲಿ ಇಟ್ಟಿಗೆಗಳು ಒಂದರ ಮೇಲೊಂದು ಬಿದ್ದು ಪರದೆ ತುಂಬಿಹೋಯಿತು, ನನಗೆ ಒಂದೂ ಕಾಣಿಸಲಿಲ್ಲ. ಸಂಧ್ಯಾ ಒಳಗಿಂದಲೇ, ಏನೂ ಆಗಿಲ್ಲವೆಂಬ ದನಿಯಲ್ಲಿ, "ಅಜ್ಜಿ ಮೊಮ್ಮಗಳು ಏನಾದ್ರೂ ಮಾಡ್ಕೊಳ್ಳಿ, ನನ್ನ ಮಧ್ಯಕ್ಕೆ ಎಳೀಬೇಡಿ" ಎಂದಳು.

ಹುಡುಗಿ ಕೈ ಚಾಚಿ ನಿಂತಿದ್ದಳು. ಕೊಟ್ಟುಬಿಡಬೇಕಿತ್ತು, ನನ್ನ ಸರದಿ ಮುಗಿದಿತ್ತು. ಆದರೂ ಗೇಮನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಆಟ ಆಡಿ ಕೊಡುತ್ತೇನೆ ಎಂದೆ. ಅವಳು ಇನ್ನೊಂದು ಸಲ ದೂರು ಹೇಳಲಿ ಅಂತ.